‘ಹ’ಕಾರದ ನಾಚಿಕೆ

ನಾಚಿಕೆಗೆ ನಮ್ಮ ಭಾಷೆಯಲ್ಲಿ ಹೆಸರುಗಳು ಹಲವು: ನಾಣ್, ಸಿಗ್ಗು, ಲಜ್ಜೆ, ಸಂಕೋಚ. ಮದುವಣಗಿತ್ತಿಯ ಮುಖಕ್ಕೆ ಕಳೆ ಕೊಡುವುದೂ ಅದೇ. ಮನುಷ್ಯನ ಬಾಯಿಗೆ ಬೀಗ ಹಾಕುವುದೂ ಅದೇ. ಈ ಎರಡನೆಯ ಬಗೆಯನ್ನು ಕುರಿತು ನಾನಿಲ್ಲಿ ಹೇಳಬೇಕಾಗಿದೆ. ಏಕೆಂದರೆ ಅದರಲ್ಲಿ ನನ್ನ ಕೈವಾಡವೂ ಉಂಟು.

ಕೆಲವು ವರ್ಷಗಳ ಹಿಂದೆ, ತರಗತಿಯಲ್ಲಿ ಪಾಠ ಓದಲೆಂದು ಹಳ್ಳಿಯ ಹುಡುಗನೊಬ್ಬನನ್ನು ಎಬ್ಬಿಸಿದೆ. ಒಳ್ಳೆಯ ಕಂಠ, ಅರ್ಥವರಿತ ಓದು. ಆದರೆ ‘ಹಳ್ಳಿ’ಯು ‘ಅಳ್ಳಿ’ಯಾಯಿತು, ‘ಹಾಲು’ ‘ಆಲು’ ಆಯಿತು. ತರಗತಿ ನಕ್ಕಿತು. ನಾನೂ ನಕ್ಕು, “ಹಾಲಿನ ಹಕಾರವನ್ನು ಬೆಕ್ಕು ಕುಡಿಯಿತೇನಪ್ಪಾ?” ಎಂದೆ. ಹುಡುಗನ ತಲೆ ಬಾಗಿತು, ಕಿವಿ ಕೆಂಪೇರಿತು.

ಆ ಮುಂದಿನ ಗಂಟೆಯಲ್ಲಿಯೇ ನಾನು ಕಲಿಸಿದ್ದು ಧ್ವನಿವ್ಯತ್ಯಾಸದ ಪಾಠ! 10ನೆಯ ಶತಮಾನದ ಪಂಪನಿಗೆ ಅದು ‘ಪಾಲ್’. ಬರಬರುತ್ತ ಪಕಾರ ಸವೆದು ಹಕಾರವಾಯಿತು. ಹಕಾರವೂ ಸವೆದರೆ ‘ಆಲು’. ಮೊದಲನೆಯ ಸವೆತವನ್ನು ಭಾಷೆಯ ಬೆಳವಣಿಗೆಯೆಂದು ಕರೆದು ಅಂಕ ಕೊಡುತ್ತೇವೆ, ಎರಡನೆಯದಕ್ಕೆ ನಗುತ್ತೇವೆ. ಈ ನಗೆಗೆ ಅಂಜಿದವರು ಬೇಡವಾದೆಡೆಯೂ ಹಕಾರ ಹಚ್ಚಿ ‘ಆಸನ’ವನ್ನು ‘ಹಾಸನ’ ಮಾಡುವುದುಂಟು.

1872ರಷ್ಟು ಹಿಂದೆಯೇ ಡಾರ್ವಿನ್ ಮುಖ ಕೆಂಪೇರುವುದನ್ನು ಕುರಿತು ಒಂದು ಅಧ್ಯಾಯವನ್ನೇ ಬರೆದು, ಪರರು ನಮ್ಮನ್ನು ಹೇಗೆ ಕಾಣುತ್ತಾರೆಂಬ ಯೋಚನೆಯೇ ಅದಕ್ಕೆ ಕಾರಣವೆಂದನು. 1971ರಲ್ಲಿ ಹೆಲೆನ್ ಬ್ಲಾಕ್ ಲೂಯಿಸ್ ಎಂಬ ಮನಶ್ಶಾಸ್ತ್ರಜ್ಞೆ ಇನ್ನೊಂದು ಭೇದವನ್ನು ತೋರಿಸಿದರು: ಪಶ್ಚಾತ್ತಾಪ ಮಾಡಿದ ಕೆಲಸವನ್ನು ಕುರಿತದ್ದು, ನಾಚಿಕೆ ತನ್ನನ್ನೇ ಕುರಿತದ್ದು. ತಪ್ಪು ಮಾಡಿದವನು ತಿದ್ದಿಕೊಳ್ಳಬಹುದು. ತಾನೇ ಒಂದು ತಪ್ಪೆಂದು ಬಗೆದವನು ಅಡಗಿಕೊಳ್ಳಬಹುದಷ್ಟೆ.

ನಾನು ನಕ್ಕುದೇಕೆ? ನನ್ನ ನಾಲಗೆಯೂ ‘ಅಬ್ಬ’ವೆಂದೇ ‘ಹಬ್ಬ’ವನ್ನು ಕಲಿತದ್ದು. ಹಾಸ್ಟೆಲಿನಲ್ಲಿ ನಗೆಗೀಡಾಗಿ, ತಿಂಗಳುಗಟ್ಟಲೆ ಒಬ್ಬನೇ ಕುಳಿತು ಹಕಾರವನ್ನು ಸಾಧಿಸಿದೆ. ಕೆಲಸ ದೊರೆತ ಹೊಸತರಲ್ಲಿ ಸಹೋದ್ಯೋಗಿಗಳು ಮನೆಗೆ ಬಂದಾಗ, “ಆಲು ಕಾಯಿಸ್ತೀನಿ” ಎಂದ ತಾಯಿಯನ್ನು ಅವರೆದುರಿಗೇ ತಿದ್ದಿದೆ. ಅಂದಿನಿಂದ ಅತಿಥಿಗಳು ಬಂದರೆ ಅವಳು ಅಡಿಗೆಮನೆ ಬಿಟ್ಟು ಬರುತ್ತಿರಲಿಲ್ಲ. ಅದು ಅವಳ ಸ್ವಭಾವವೆಂದೇ ನಾನು ತಿಳಿದಿದ್ದೆ. ನಿಜ ತಿಳಿದುದು, ಹುಡುಗನ ಬಾಗಿದ ತಲೆಯನ್ನು ಕಂಡಾಗ.

ಮರುದಿನ ತರಗತಿಯೆದುರಿಗೆ ಅವನ ಕ್ಷಮೆ ಕೇಳಿದೆ. “ಪರವಾಗಿಲ್ಲ ಸಾರ್” ಎಂದನು. ಆದರೆ ಆ ವರ್ಷವೆಲ್ಲ ಮತ್ತೆ ಗಟ್ಟಿಯಾಗಿ ಓದಲಿಲ್ಲ. ತಾಯಿಯ ಕ್ಷಮೆ ಕೇಳೋಣವೆಂದರೆ ಅವಳೇ ಇರಲಿಲ್ಲ.

ಈಗ ಕಪ್ಪುಹಲಗೆಯ ಮೇಲೆ ಪಾಲ್, ಹಾಲು, ಆಲು ಮೂರನ್ನೂ ಒಂದೇ ಸಾಲಿನಲ್ಲಿ ಬರೆಯುತ್ತೇನೆ. ಮೊದಲನೆಯದು ಪಂಪನದು, ಎರಡನೆಯದು ಪುಸ್ತಕದ್ದು, ಮೂರನೆಯದು ನನ್ನ ತಾಯಿಯದು ಎಂದು ಹೇಳುತ್ತೇನೆ.