ಬಲ್ಬು ಕೊಳ್ಳುವ ಕಲೆ

ಸರ್ಕಾರಿ ಸಂಸ್ಥೆ ಏನನ್ನೇ ಕೊಳ್ಳಲಿ, ಮೊದಲು ಸಿದ್ಧವಾಗುವುದು ಟೆಂಡರ್ ದಾಖಲೆ. ಯಾವ ವಸ್ತು, ಎಷ್ಟು, ಯಾವ ಗುಣಮಟ್ಟದ್ದು, ಎಷ್ಟು ದಿನದೊಳಗೆ ಎಂಬುದೆಲ್ಲ ಅದರಲ್ಲಿರುತ್ತದೆ. ಅರ್ಹರ ಪೈಕಿ ಅತಿ ಕಡಿಮೆ ದರ ನಮೂದಿಸಿದವರು ಕಚೇರಿಯ ಮಾತಿನಲ್ಲಿ 'ಎಲ್-1'. ಸಾಮಾನ್ಯವಾಗಿ ಆರ್ಡರ್ ಅವರಿಗೇ. ಅಗ್ಗದ ಮಾಲು ಹೆಚ್ಚು ಕರೆಂಟು ತಿನ್ನುತ್ತದೆ, ಬೇಗ ಕೆಡುತ್ತದೆ, ಆದ್ದರಿಂದ ಈ ನಿಯಮ ಪರಿಸರಕ್ಕೆ ಒಗ್ಗದು ಎಂಬ ದೂರು ಹಳೆಯದು. ನಿಯಮವನ್ನು ಮುರಿಯದೆಯೇ ಅದನ್ನು ಪರಿಸರದ ಕಡೆಗೆ ತಿರುಗಿಸಬಹುದು ಎಂದು ನಮ್ಮ ದೇಶದ ಎಲ್‌ಇಡಿ ಖರೀದಿ ತೋರಿಸಿತು.

60 ವಾಟಿನ ಹಳೆಯ ಬಲ್ಬನ್ನು ದಿನಕ್ಕೆ ಐದು ಗಂಟೆ ಉರಿಸಿದರೆ ವರ್ಷಕ್ಕೆ ಸುಮಾರು 109 ಯೂನಿಟ್ ಬೇಕು. ಅದರ ಜಾಗಕ್ಕೆ ಬರುವ 9 ವಾಟಿನ ಎಲ್‌ಇಡಿಗೆ 16 ಯೂನಿಟ್ ಸಾಕು. ಆದರೆ 2014ರ ಆರಂಭದಲ್ಲಿ ಸಗಟು ಖರೀದಿಯಲ್ಲೂ ಒಂದು ಎಲ್‌ಇಡಿ ಬಲ್ಬಿಗೆ ಸುಮಾರು 310 ರೂಪಾಯಿ ಬೀಳುತ್ತಿತ್ತು. ಹತ್ತಿಪ್ಪತ್ತು ರೂಪಾಯಿಗೆ ಹಳೆಯ ಬಲ್ಬು ಸಿಗುವಾಗ ಅಷ್ಟು ಹಣ ತೆತ್ತು ಇದನ್ನು ಕೊಳ್ಳುವವರು ವಿರಳ.

ಈ ಕಗ್ಗಂಟನ್ನು ಬಿಡಿಸಲು ಮುಂದಾದದ್ದು ಎನರ್ಜಿ ಎಫಿಷಿಯೆನ್ಸಿ ಸರ್ವೀಸಸ್ ಲಿಮಿಟೆಡ್ (ಇಇಎಸ್‌ಎಲ್). ಎನ್‌ಟಿಪಿಸಿ ಮೊದಲಾದ ಸಾರ್ವಜನಿಕ ಉದ್ಯಮಗಳು 2009ರಲ್ಲಿ ಸೇರಿ ಕಟ್ಟಿದ ಸಂಸ್ಥೆ ಅದು. ಹಲವು ರಾಜ್ಯಗಳ ವಿದ್ಯುತ್ ಕಂಪನಿಗಳ ಬೇಡಿಕೆಯನ್ನು ಅದು ಒಂದೇ ಟೆಂಡರಿನಲ್ಲಿ ಒಗ್ಗೂಡಿಸಿತು. ಲಕ್ಷಗಟ್ಟಲೆ ಬಲ್ಬುಗಳ ಆರ್ಡರ್ ಖಚಿತವಿದ್ದರೆ ಕಾರ್ಖಾನೆಯವರು ಹೊಸ ಯಂತ್ರ ಹೂಡಲು ಹಿಂಜರಿಯುವುದಿಲ್ಲ. ಜಾಹೀರಾತಿನ, ಅಂಗಡಿಯ ಕಮಿಷನ್ನಿನ ಖರ್ಚೂ ಇಲ್ಲ. ಒಂದೇ ಸಲಕ್ಕೆ ಎಲ್ಲವನ್ನೂ ಕೊಂಡು ಮುಗಿಸದೆ ಮತ್ತೆ ಮತ್ತೆ ಟೆಂಡರ್ ಕರೆದದ್ದು ನನಗೆ ಬಹಳ ಜಾಣತನದ ನಡೆಯಾಗಿ ಕಾಣುತ್ತದೆ. ಬಲ್ಬಿನೊಳಗಿನ ಎಲ್‌ಇಡಿ ಚಿಪ್‌ಗಳ ಬೆಲೆ ಇಳಿದಂತೆಲ್ಲ ಅದರ ಲಾಭ ಮುಂದಿನ ಟೆಂಡರಿಗೆ ಸಿಕ್ಕಿತು. 2016ರಲ್ಲಿ ದರ 38 ರೂಪಾಯಿಗೆ ಬಂದು ನಿಂತಿತು.

ದರ ಹೀಗೆ ಇಳಿಯುವಾಗ ಗುಣಮಟ್ಟ ಜಾರದಂತೆ ಹಿಡಿದಿಡುವುದೇ ಕಷ್ಟದ ಕೆಲಸ. ಅದಕ್ಕಿರುವ ಹತಾರ ತಾಂತ್ರಿಕ ಷರತ್ತು. ಇಂಥ ಟೆಂಡರಿನಲ್ಲಿ ಎರಡು ಲಕೋಟೆಗಳು. ತಾಂತ್ರಿಕ ಲಕೋಟೆ ತೇರ್ಗಡೆಯಾದವರ ದರದ ಲಕೋಟೆಯನ್ನಷ್ಟೇ ತೆರೆಯುತ್ತಾರೆ. ಬಲ್ಬು ಎಷ್ಟು ಬೆಳಕು ಕೊಡಬೇಕು, ಎಷ್ಟು ಕಾಲ ಬಾಳಬೇಕು, ಕರೆಂಟನ್ನು ಎಷ್ಟು ದಕ್ಷವಾಗಿ ಬಳಸಬೇಕು ಎಂಬುದಕ್ಕೆಲ್ಲ ಅಂಕಿಗಳುಂಟು. ಪ್ರಯೋಗಾಲಯದಲ್ಲಿ, ಒಳಮೈಗೆಲ್ಲ ಬಿಳಿ ಬಳಿದ ಟೊಳ್ಳು ಗೋಳದ ನಡುವೆ ಬಲ್ಬನ್ನು ಉರಿಸುತ್ತಾರೆ. ಎಲ್ಲ ದಿಕ್ಕಿಗೂ ಚೆಲ್ಲುವ ಬೆಳಕು ಆ ಬಿಳುಪಿನಲ್ಲಿ ಪುಟಿದು ಪುಟಿದು ಸಮನಾಗುತ್ತದೆ. ಗೋಳದ ಮೈಯಲ್ಲಿ ಕೂರಿಸಿದ ಸಂವೇದಕ ಅದನ್ನು ಅಳೆದು ಒಟ್ಟು ಬೆಳಕು ಎಷ್ಟು ಲ್ಯುಮೆನ್ ಎಂದು ಹೇಳುತ್ತದೆ. ಇದರ ಮೇಲೆ ಮೂರು ವರ್ಷದ ವಾರಂಟಿ. ಅಷ್ಟರೊಳಗೆ ಕೆಟ್ಟರೆ ಬದಲಿ ಬಲ್ಬು ಉಚಿತ. ಷರತ್ತು ಇಷ್ಟು ಬಿಗಿಯಾಗಿದ್ದರೆ ಎಲ್-1 ಆಗಿ ಗೆದ್ದವರ ಮಾಲೂ ಪರಿಸರಕ್ಕೆ ಒಳ್ಳೆಯದೇ ಆಗಿರುತ್ತದೆ.

ಬಡಮನೆಗೂ ಬಲ್ಬು ಮುಟ್ಟಲೆಂದು ಹಲವೆಡೆ ಅದರ ಬೆಲೆಯನ್ನು ಕರೆಂಟ್ ಬಿಲ್ಲಿನೊಂದಿಗೆ ತಿಂಗಳಿಗೆ ಹತ್ತು ರೂಪಾಯಿಯಂತೆ ಕಟ್ಟಿಸಿಕೊಂಡರು. 2015ರ ಜನವರಿಯಲ್ಲಿ ದೇಶವ್ಯಾಪಿಯಾದ ಈ ಯೋಜನೆ ಮುಂದೆ 'ಉಜಾಲಾ' ಎನಿಸಿತು. ಕರ್ನಾಟಕಕ್ಕೆ ಅದೇ ವರ್ಷದ ಡಿಸೆಂಬರಿನಲ್ಲಿ 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಬಂತು. ದೇಶದಲ್ಲಿ ಒಟ್ಟು 36 ಕೋಟಿಗೂ ಹೆಚ್ಚು ಬಲ್ಬುಗಳು ವಿತರಣೆಯಾದವು.

ಇದೇ ಪಟ್ಟನ್ನು 2022ರಲ್ಲಿ ಇಇಎಸ್‌ಎಲ್‌ನ ಅಂಗಸಂಸ್ಥೆ ಸಿಇಎಸ್‌ಎಲ್ ಎಲೆಕ್ಟ್ರಿಕ್ ಬಸ್ಸುಗಳಿಗೂ ಹಾಕಿತು. ಬೆಂಗಳೂರೂ ಸೇರಿ ಐದು ನಗರಗಳಿಗೆ 5,450 ಬಸ್ಸು, ಒಂದೇ ಟೆಂಡರ್. ಕೇಳಿದ್ದು ಬಸ್ಸಿನ ಬೆಲೆಯನ್ನಲ್ಲ, ಅದನ್ನು ಓಡಿಸಲು ಕಿಲೋಮೀಟರಿಗೆ ತಗಲುವ ದರವನ್ನು.