‘ಉಳಿತಾಯ ಏನೂ ಇಲ್ಲ’ ಎಂಬ ಉತ್ತರದ ಹಿಂದೆ



ನೀವು ಒಂದು ಪ್ರಶ್ನಾವಳಿ ಹಿಡಿದು ಬಂಟ್ವಾಳ ತಾಲ್ಲೂಕಿನ ಸಿದ್ಧಕಟ್ಟೆಗೆ ಹೊರಟಿದ್ದೀರಿ ಎಂದುಕೊಳ್ಳಿ. ಒಂದು ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತ ಕುಳಿತ ಹೆಂಗಸನ್ನು ಕೇಳುತ್ತೀರಿ: “ಅಕ್ಕಾ, ತಿಂಗಳಿಗೆ ಎಷ್ಟು ಉಳಿಸುತ್ತೀರಿ?” ಅವರು ನಗುತ್ತಾರೆ. “ಉಳಿಸ್ಲಿಕ್ಕೆ ಎಂತ ಉಂಟು ಮಗಾ? ಬಂದದ್ದು ಖರ್ಚಿಗೇ ಸಾಕಾಗುದಿಲ್ಲ.” ನೀವು ‘ಸೊನ್ನೆ’ ಎಂದು ಬರೆದುಕೊಂಡು ಮುಂದಿನ ಮನೆಗೆ ನಡೆಯುತ್ತೀರಿ.

ಆಕೆ ಸುಳ್ಳು ಹೇಳಲಿಲ್ಲ. ಆದರೂ ನಿಮ್ಮ ಸೊನ್ನೆ ತಪ್ಪಾಗಿರಬಹುದು. ಆಕೆಯ ಕೂಲಿಯಿಂದ ಬೀಡಿ ಬ್ರಾಂಚಿನಲ್ಲಿ ಪಿ.ಎಫ್. ಹಣ ಕಡಿತವಾಗುತ್ತಿರಬಹುದು. ವಾರಕ್ಕೊಮ್ಮೆ ಸ್ವಸಹಾಯ ಸಂಘಕ್ಕೆ ಒಂದಿಷ್ಟು ದುಡ್ಡು ಹೋಗುತ್ತಿರಬಹುದು. ಗಂಡನ ಹೆಸರಿನಲ್ಲಿ ಪಿಗ್ಮಿ ಇರಬಹುದು. ಅಟ್ಟದ ಮೇಲೆ ಒಳ್ಳೆಯ ಧಾರಣೆಗಾಗಿ ಕಾಯುತ್ತಿರುವ ಹಳೆ ಅಡಿಕೆಯ ಮೂಟೆ ಇರಬಹುದು. ಇವು ಯಾವುವೂ ಆಕೆಯ ಮನಸ್ಸಿನಲ್ಲಿ ‘ಉಳಿತಾಯ’ ಎಂಬ ಪದದ ಕೆಳಗೆ ಬರುವುದಿಲ್ಲ. ಜನ ಮುಪ್ಪಿಗೆ ಎಷ್ಟು ಕೂಡಿಟ್ಟಿದ್ದಾರೆ ಎಂದು ಅಳೆಯುವ ಸಮೀಕ್ಷೆಗಳ ಮೊದಲ ತೊಡಕು ಇದೇ. ಎಂಥ ಪ್ರಶ್ನೆ ಕೇಳುತ್ತೇವೆಯೋ ಅಂಥ ಅಂಕಿ ಸಿಗುತ್ತದೆ.

ಉಳಿತಾಯ ಗೊತ್ತಿಲ್ಲದ ನಾಡಲ್ಲ

ಉಳಿತಾಯದ ವಿಷಯದಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಸೀಮೆಗೆ ದೊಡ್ಡ ಚರಿತ್ರೆಯೇ ಇದೆ. ಕೆನರಾ ಬ್ಯಾಂಕು ಮತ್ತು ಕಾರ್ಪೊರೇಷನ್ ಬ್ಯಾಂಕು 1906 ರಲ್ಲಿ ಹುಟ್ಟಿದವು. 1925 ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕು 1928 ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ಏಜೆಂಟರು ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಿದ್ದರು. ಆ ಬ್ಯಾಂಕು 2020 ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ‘ಪಿಗ್ಮಿ’ ಎಂಬ ಮಾತು ಜನರ ಬಾಯಲ್ಲಿ ಉಳಿದಿದೆ. 1982 ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು ಹಳ್ಳಿಹಳ್ಳಿಗೂ ಹರಡಿವೆ. ಇಂಥ ಕಡೆಯ ಮನೆಯೊಂದು ‘ಉಳಿತಾಯವಿಲ್ಲ’ ಎಂದರೆ ನಾವು ಇನ್ನೊಂದು ಪ್ರಶ್ನೆ ಕೇಳಲೇಬೇಕು.

ಒಂದೇ ಪ್ರಶ್ನೆ ಸಾಲದು

ಅನುಭವಿ ಸಮೀಕ್ಷಕರು ‘ಎಷ್ಟು ಉಳಿಸಿದ್ದೀರಿ?’ ಎಂದು ಒಂದೇ ಬಾರಿಗೆ ಕೇಳುವುದಿಲ್ಲ. ರಿಸರ್ವ್ ಬ್ಯಾಂಕು 1951-52 ರಲ್ಲಿ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ನಡೆಸಿತು. ಮುಂದೆ ಅದು ಸಾಲ ಮತ್ತು ಹೂಡಿಕೆ ಸಮೀಕ್ಷೆಯಾಗಿ ಬೆಳೆದು, ಹೆಚ್ಚುಕಡಿಮೆ ಹತ್ತು ವರ್ಷಕ್ಕೊಮ್ಮೆ ನಡೆಯುತ್ತ ಬಂತು. 2019 ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ 77 ನೆಯ ಸುತ್ತಿನಲ್ಲಿ ಇದನ್ನು ಕೈಗೊಂಡರು. ಇದರಲ್ಲಿ ಜಮೀನು, ಮನೆ, ಜಾನುವಾರು, ವಾಹನ, ಠೇವಣಿ, ಸಾಲ ಇವನ್ನೆಲ್ಲ ಬೇರೆ ಬೇರೆಯಾಗಿ ಕೇಳುತ್ತಾರೆ. ಅದೂ ಒಂದು ನಿರ್ದಿಷ್ಟ ದಿನದ ಲೆಕ್ಕ. 2019 ರ ಸಮೀಕ್ಷೆಗೆ ಆ ದಿನ 2018 ರ ಜೂನ್ 30. ದಿನ ನಿಗದಿಯಾಗದಿದ್ದರೆ ಒಬ್ಬರು ಅಡಿಕೆ ಮಾರುವ ಮೊದಲಿನ ಲೆಕ್ಕ ಕೊಡುತ್ತಾರೆ, ಇನ್ನೊಬ್ಬರು ಮಾರಿದ ಮೇಲಿನ ಲೆಕ್ಕ ಕೊಡುತ್ತಾರೆ. ಆಗ ಎರಡನ್ನೂ ಹೋಲಿಸಲಾಗುವುದಿಲ್ಲ.

“ಪಿ.ಎಫ್. ಉಂಟು, ಎಷ್ಟೆಂದು ಗೊತ್ತಿಲ್ಲ” ಎಂಬ ಉತ್ತರ ಬಂದರೆ? ಅದನ್ನು ಖಾಲಿ ಬಿಟ್ಟರೆ ಮಾಹಿತಿ ನಷ್ಟ. ಅಮೆರಿಕದಲ್ಲಿ 1992 ರಲ್ಲಿ ಆರಂಭವಾದ ಆರೋಗ್ಯ ಮತ್ತು ನಿವೃತ್ತಿ ಅಧ್ಯಯನ ಇದಕ್ಕೊಂದು ಸರಳ ಉಪಾಯವನ್ನು ಬಳಸಿತು. “50,000 ರೂಪಾಯಿಗಿಂತ ಹೆಚ್ಚೋ ಕಡಿಮೆಯೋ?” ಎಂಬಂಥ ಪ್ರಶ್ನೆ ಕೇಳುವುದು. ಹೆಚ್ಚು ಎಂದರೆ, “ಒಂದು ಲಕ್ಷಕ್ಕಿಂತ?” ಹೀಗೆ ಎರಡು ಮೂರು ಪ್ರಶ್ನೆಗಳಲ್ಲಿ ಮೊತ್ತ ಎರಡು ಗಡಿಗಳ ನಡುವೆ ಬಂದು ನಿಲ್ಲುತ್ತದೆ. ಇದೇ ಮಾದರಿಯ ಭಾರತೀಯ ಅಧ್ಯಯನವೂ ಇದೆ. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಮತ್ತು ಎರಡು ಅಮೆರಿಕನ್ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಭಾರತದ ದೀರ್ಘಕಾಲಿಕ ವೃದ್ಧಾಪ್ಯ ಅಧ್ಯಯನ ಅದು. ಅದರ ಪ್ರಾಯೋಗಿಕ ಹಂತ 2010 ರಲ್ಲಿ ನಡೆದದ್ದು ನಾಲ್ಕು ರಾಜ್ಯಗಳಲ್ಲಿ. ಅವುಗಳಲ್ಲಿ ಕರ್ನಾಟಕವೂ ಒಂದು. 2017-18 ರ ಮೊದಲ ಸುತ್ತಿನಲ್ಲಿ 72,250 ಮಂದಿಯನ್ನು ಸಂದರ್ಶಿಸಲಾಯಿತು. ಅದೇ ಜನರನ್ನು ಮತ್ತೆ ಮತ್ತೆ ಕಾಣುವುದು ಇಂಥ ಅಧ್ಯಯನದ ವಿಶೇಷ.

ಸರಾಸರಿಯ ಮೋಸ

ಸಿಕ್ಕಿದ ಅಂಕಿಗಳನ್ನು ಓದುವುದಕ್ಕೂ ಎಚ್ಚರ ಬೇಕು. ಹತ್ತು ಮನೆಗಳಿವೆ ಎನ್ನಿ. ಒಂಬತ್ತು ಮನೆಗಳಲ್ಲಿ ತಲಾ 20,000 ರೂಪಾಯಿ ಉಳಿತಾಯವಿದೆ. ದೊಡ್ಡ ತೋಟದ ಹತ್ತನೆಯ ಮನೆಯಲ್ಲಿ 20 ಲಕ್ಷ ಇದೆ. ಸರಾಸರಿ ತೆಗೆದರೆ ಮನೆಗೆ 2,18,000 ರೂಪಾಯಿ! ಆ ಹತ್ತರಲ್ಲಿ ಯಾವ ಮನೆಗೂ ಈ ಅಂಕಿ ಹೊಂದುವುದಿಲ್ಲ. ಮನೆಗಳನ್ನು ಏರಿಕೆಯ ಕ್ರಮದಲ್ಲಿ ನಿಲ್ಲಿಸಿ ನಡುವಿನದನ್ನು ನೋಡಿದರೆ ಸಿಗುವುದು 20,000. ಗಣಿತದಲ್ಲಿ ನೀವು ಕಲಿತ ‘ಮಧ್ಯಾಂಕ’ ಇದೇ. ಉಳಿತಾಯದಂಥ ವಿಷಯದಲ್ಲಿ ಸರಾಸರಿಗಿಂತ ಇದು ಹೆಚ್ಚು ನಂಬಿಕೆಗೆ ಅರ್ಹ.

ಅಂಕಿಗಳು ಹೇಳುವುದೇನು?

2012-13 ರ ಸಮೀಕ್ಷೆಯ ಅಂಕಿಗಳನ್ನು ಪರಿಶೀಲಿಸಿದ ರಿಸರ್ವ್ ಬ್ಯಾಂಕಿನ ಕೌಟುಂಬಿಕ ಹಣಕಾಸು ಸಮಿತಿ 2017 ರಲ್ಲಿ ವರದಿ ಕೊಟ್ಟಿತು. ಸರಾಸರಿ ಭಾರತೀಯ ಕುಟುಂಬದ ಆಸ್ತಿಯಲ್ಲಿ ಶೇಕಡಾ 84 ರಷ್ಟು ಜಮೀನು, ಮನೆ ಮತ್ತಿತರ ಸ್ಥಿರ ವಸ್ತುಗಳು. ಶೇಕಡಾ 11 ಚಿನ್ನ. ಠೇವಣಿ, ವಿಮೆ, ಪಿಂಚಣಿ ಎಲ್ಲ ಸೇರಿ ಬರೀ ಶೇಕಡಾ 5. ನಬಾರ್ಡ್ ಸಂಸ್ಥೆಯ ಗ್ರಾಮೀಣ ಸಮೀಕ್ಷೆಯ ಪ್ರಕಾರ, ಕನಿಷ್ಠ ಒಬ್ಬ ಸದಸ್ಯರಿಗಾದರೂ ಯಾವುದಾದರೂ ಪಿಂಚಣಿ ಬರುವ ಮನೆಗಳು 2016-17 ರಲ್ಲಿ ಶೇಕಡಾ 18.9 ಇದ್ದದ್ದು 2021-22 ರಲ್ಲಿ ಶೇಕಡಾ 23.5 ಕ್ಕೆ ಏರಿತು. ಅಂದರೆ ನಾಲ್ಕರಲ್ಲಿ ಮೂರು ಮನೆಗಳಿಗೆ ಆಗಲೂ ಪಿಂಚಣಿ ಇರಲಿಲ್ಲ.

ಜಮೀನಿದ್ದರೆ ಸಾಲದೇ ಎಂದು ನೀವು ಕೇಳಬಹುದು. ಅಡಿಕೆ ತೋಟವನ್ನೇ ನೋಡಿ. ಮಳೆಗಾಲದಲ್ಲಿ ಬೋರ್ಡೊ ದ್ರಾವಣ ಸಿಂಪಡಿಸಬೇಕು, ಮರ ಹತ್ತಿ ಕೊಯ್ಲು ಮಾಡಬೇಕು, ಸುಲಿಯಬೇಕು. ಯಜಮಾನರಿಗೆ ಎಪ್ಪತ್ತು ದಾಟಿ, ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದರೆ, ಆಸ್ತಿ ಇದ್ದೂ ಕೈಗೆ ಹಣ ಬಾರದೆ ಹೋಗಬಹುದು. ಔಷಧಿ ಅಂಗಡಿಯ ಬಿಲ್ಲಿಗೆ ತೋಟದ ಮೂಲೆಯನ್ನು ಕತ್ತರಿಸಿ ಕೊಡಲಾಗುವುದಿಲ್ಲ. ಆದ್ದರಿಂದ ಒಳ್ಳೆಯ ಸಮೀಕ್ಷೆ ‘ಏನಿದೆ?’ ಎಂಬುದರ ಜೊತೆಗೆ ‘ದುಡಿಯಲಾಗದ ದಿನ ತಿಂಗಳು ತಿಂಗಳು ಏನು ಬರುತ್ತದೆ?’ ಎಂದೂ ಕೇಳುತ್ತದೆ.

ತಿಳಿವಳಿಕೆಯ ಅಳತೆ

ಆ ಅಮೆರಿಕನ್ ಅಧ್ಯಯನ 2004 ರಲ್ಲಿ ಐವತ್ತು ದಾಟಿದವರಿಗೆ ಬಡ್ಡಿ, ಬೆಲೆಯೇರಿಕೆ ಮತ್ತು ಹೂಡಿಕೆಯ ಅಪಾಯದ ಬಗ್ಗೆ ಮೂರು ಸುಲಭ ಪ್ರಶ್ನೆಗಳನ್ನು ಕೇಳಿತು. ಮೂರಕ್ಕೂ ಸರಿಯುತ್ತರ ಕೊಟ್ಟವರು ಮೂರರಲ್ಲೊಂದು ಪಾಲು ಮಾತ್ರ. ನೀವೂ ಒಂದು ಲೆಕ್ಕ ಮಾಡಿ ನೋಡಿ. 2015 ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಯ ಕೋಷ್ಟಕದಂತೆ, 60 ರ ನಂತರ ತಿಂಗಳಿಗೆ 1,000 ರೂಪಾಯಿ ಪಡೆಯಲು 18 ರಲ್ಲಿ ಸೇರಿದವರು ತಿಂಗಳಿಗೆ 42 ರೂಪಾಯಿ ಕಟ್ಟಬೇಕು. 40 ರಲ್ಲಿ ಸೇರಿದವರು 291 ರೂಪಾಯಿ ಕಟ್ಟಬೇಕು. ಮೊದಲನೆಯವರು ಒಟ್ಟು ಕಟ್ಟುವುದು 21,168 ರೂಪಾಯಿ, ಎರಡನೆಯವರು 69,840 ರೂಪಾಯಿ. ವ್ಯತ್ಯಾಸವನ್ನು ತುಂಬಿಕೊಡುವುದು ಚಕ್ರಬಡ್ಡಿ. ಇನ್ನು ನಾಣ್ಯದ ಇನ್ನೊಂದು ಮುಖ: ಬೆಲೆಗಳು ವರ್ಷಕ್ಕೆ ಶೇಕಡಾ 6 ರಂತೆ ಏರಿದರೆ ಸುಮಾರು 12 ವರ್ಷಕ್ಕೆ ದುಪ್ಪಟ್ಟಾಗುತ್ತವೆ. 42 ವರ್ಷ ಕಳೆದಾಗ ಆ 1,000 ರೂಪಾಯಿಗೆ ಸಿಗುವ ಸಾಮಾನು ಇಂದಿನ ಸುಮಾರು 90 ರೂಪಾಯಿಯಷ್ಟರದು. ಬೇಗ ಆರಂಭಿಸುವುದು ಎಷ್ಟು ಮುಖ್ಯವೋ, ಸಾಕಷ್ಟು ಕಟ್ಟುವುದೂ ಅಷ್ಟೇ ಮುಖ್ಯ.

ನೀವೇ ಮಾಡಿ ನೋಡಿ

ನಿಮ್ಮ ಊರಿನಲ್ಲಿ ಒಂದು ಸಣ್ಣ ಸಮೀಕ್ಷೆ ಮಾಡಬಹುದು. ಪರಿಚಯದ ಮನೆಗಳಿಗಷ್ಟೇ ಹೋಗಬೇಡಿ. ವಾರ್ಡಿನ ಎಲ್ಲ ಮನೆಗಳ ಪಟ್ಟಿ ಮಾಡಿ, ಚೀಟಿ ಎತ್ತಿ ಮೂವತ್ತು ಮನೆಗಳನ್ನು ಆರಿಸಿ. ರಸ್ತೆ ಬದಿಯ ಮನೆಗಳನ್ನೇ ನೋಡಿದರೆ ಗುಡ್ಡದಾಚೆಯ ಬಡ ಮನೆ ಬಿಟ್ಟುಹೋಗುತ್ತದೆ. ಪ್ರಶ್ನೆ ಕನ್ನಡದಲ್ಲಿ ಅಚ್ಚಾಗಿದ್ದರೂ ಮನೆಯ ಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಇರಬಹುದು. ಎಲ್ಲರೂ ಒಂದೇ ಬಗೆಯಲ್ಲಿ ಕೇಳುವಂತೆ ಮೊದಲೇ ಅಭ್ಯಾಸ ಮಾಡಿ. ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆಯಾಗಿ ಕೇಳಿ, ಸಂಘದ ದುಡ್ಡಿನ ಲೆಕ್ಕ ಹೆಂಗಸರಿಗೇ ಚೆನ್ನಾಗಿ ಗೊತ್ತು. ಹಾಳೆಯ ಮೇಲೆ ಹೆಸರು, ಖಾತೆ ಸಂಖ್ಯೆ ಬರೆಯಬೇಡಿ. ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿ.

ಬೀಡಿ ಕಟ್ಟುವವರ ಮನೆಯಲ್ಲಿ ಒಂದು ಪ್ರಶ್ನೆ ಮರೆಯಬೇಡಿ: “ಪಿ.ಎಫ್. ಖಾತೆ ಇದೆಯೇ? ಎಷ್ಟು ವರ್ಷದಿಂದ?” ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರಿಗೂ ಭವಿಷ್ಯ ನಿಧಿ ಕಾಯ್ದೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 1985 ರಲ್ಲಿ ತೀರ್ಪು ಕೊಟ್ಟಿದೆ. 1995 ರ ನೌಕರರ ಪಿಂಚಣಿ ಯೋಜನೆಯಲ್ಲಿ 58 ವಯಸ್ಸಿಗೆ ಪಿಂಚಣಿ ಸಿಗಬೇಕಾದರೆ ಹತ್ತು ವರ್ಷಗಳ ಸೇವೆ ದಾಖಲಾಗಿರಬೇಕು. 2014 ರ ಸೆಪ್ಟೆಂಬರಿನಿಂದ ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದು ನಿಗದಿಯಾಯಿತು. ಇಪ್ಪತ್ತು ವರ್ಷ ಬೀಡಿ ಕಟ್ಟಿಯೂ ದಾಖಲೆಯಲ್ಲಿ ಎಂಟೇ ವರ್ಷವಿದ್ದರೆ ಅದು 58 ರಲ್ಲಿ ತಿಳಿದರೆ ತಡವಾಯಿತು. 45 ರಲ್ಲಿ ತಿಳಿದರೆ ಸರಿಪಡಿಸಿಕೊಳ್ಳಲು ಇನ್ನೂ ಸಮಯವಿದೆ. ಮೊದಲು ನಿಮ್ಮ ಅಮ್ಮನ, ದೊಡ್ಡಮ್ಮನ ಪಿ.ಎಫ್. ಪಾಸ್‌ಬುಕ್ ತೆಗೆದು ನೋಡಿ. ಮೂವತ್ತು ಮನೆಗಳ ಪಟ್ಟಿಗೆ ಆಮೇಲೆ ಹೊರಡಬಹುದು.