ಗಡಿ ದಾಟುವ ರೈಲಿನಲ್ಲಿ ಇಂಟರ್ನ್‌ಶಿಪ್

ರಾಯಚೂರು ಬಿಟ್ಟ ಕಾಚಿಗುಡ ರೈಲು ಕೃಷ್ಣಾ ಸೇತುವೆ ಹತ್ತಿದೊಡನೆ ಬೋಗಿಯ ಹರಟೆಯೆಲ್ಲ ಕಬ್ಬಿಣದ ಸದ್ದಿನಲ್ಲಿ ಮುಳುಗುತ್ತದೆ. ಕೆಳಗೆ ಕರಿಬಂಡೆ, ಮರಳು, ಅವುಗಳ ಸಂದಿನಲ್ಲಿ ದಾರಿ ಹುಡುಕುವ ನೀರು. ಆಚೆ ದಡದಲ್ಲಿ ಕೃಷ್ಣಾ ನಿಲ್ದಾಣ, ರಾಜ್ಯ ಬದಲಾಯಿತು. ಹತ್ತಿದವರ ಮಾತು ಬದಲಾಗಲಿಲ್ಲ: ಹತ್ತಿಯ ರೇಟು, ಬೀಗರ ಮನೆ, ರಾಯಚೂರಿನ ದವಾಖಾನೆ, ಎಲ್ಲವೂ ಕನ್ನಡದಲ್ಲೇ. ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಜಕ್ಲೇರ್–ಕೃಷ್ಣಾ ಹಳಿ 2023ರ ಅಕ್ಟೋಬರ್ 1ರಂದು ಲೋಕಾರ್ಪಣೆಯಾದ ಮೇಲೆ ಮಕ್ತಲ್ ರಾಯಚೂರಿಗೆ ಇನ್ನಷ್ಟು ಹತ್ತಿರವಾಗಿದೆ.

ನಮ್ಮ ಪತ್ರಿಕೋದ್ಯಮ ವಿದ್ಯಾರ್ಥಿಗಳು ಮಾತ್ರ ಇಂಟರ್ನ್‌ಶಿಪ್ ಎಂದರೆ ಬೆಂಗಳೂರು, ಇಲ್ಲವೇ ಹೈದರಾಬಾದು ಎಂದು ಚೀಲ ಕಟ್ಟುತ್ತಾರೆ. ಸಿಗುವುದು ಬಹುಮಟ್ಟಿಗೆ ಡೆಸ್ಕಿನ ಮೂಲೆಯ ಕುರ್ಚಿ, ಪತ್ರಿಕಾ ಪ್ರಕಟಣೆಯ ಟೈಪಿಂಗು, ಕೊನೆಗೊಂದು ಮೊಹರು ಬಿದ್ದ ಪ್ರಮಾಣಪತ್ರ. ಪಿ.ಜಿ. ಬಾಡಿಗೆ ಅಪ್ಪನ ಲೆಕ್ಕಕ್ಕೆ. ಅವರು ಈ ರೈಲು ಹತ್ತಬೇಕು.

ಮಕ್ತಲ್‌ನಲ್ಲಿ ಇಳಿದು ಬಸ್ಸು ಹಿಡಿದರೆ ನಾರಾಯಣಪೇಟೆ. 2019ರ ಫೆಬ್ರುವರಿಯಲ್ಲಿ ಜಿಲ್ಲೆಯಾದರೂ ನೇಕಾರರ ಓಣಿಗಳಲ್ಲಿ ಇನ್ನೂ ಕುಣಿಮಗ್ಗದ ಲಟಪಟ. ಕುಣಿಯೊಳಗೆ ಇಳಿಬಿಟ್ಟ ಕಾಲು ಮೆಟ್ಟು ತುಳಿಯುತ್ತದೆ, ಕೈ ಲಾಳಿ ಎಸೆಯುತ್ತದೆ, ಚೌಕಳಿ ಒಡಲಿನ ಸೀರೆಗೆ ಗೋಪುರದ ಅಂಚು ಇಂಚಿಂಚಾಗಿ ಮೇಲೇಳುತ್ತದೆ. ಈ ಸೀರೆಯ ಬಗ್ಗೆ ಬರೆದವರೆಲ್ಲ ಹೇಳುವ ಕತೆಯೊಂದಿದೆ: 1630ರಲ್ಲಿ ಶಿವಾಜಿ ಮಹಾರಾಜರು ಇಲ್ಲಿ ಬೀಡುಬಿಟ್ಟು ಹೊರಟಾಗ ಕೆಲವು ನೇಕಾರರು ಇಲ್ಲೇ ಉಳಿದರಂತೆ. ಒಂದು ನಿಮಿಷ ನಿಲ್ಲಿ. ಇಂದು ಒಪ್ಪಿರುವ ಲೆಕ್ಕದಂತೆ ಶಿವಾಜಿ ಹುಟ್ಟಿದ್ದೇ 1630ರ ಫೆಬ್ರುವರಿಯಲ್ಲಿ! ತೊಟ್ಟಿಲ ಕೂಸು ದಂಡು ಕಟ್ಟಿಕೊಂಡು ಬರುವುದುಂಟೆ? ಅವರು ಗೋಲ್ಕೊಂಡಕ್ಕೆ ಬಂದದ್ದು 1677ರಲ್ಲಿ. ಕತೆಯಲ್ಲಿ ನಿಜದ ಎಳೆ ಇದ್ದೀತು, ಇಸವಿ ಮಾತ್ರ ನಿಲ್ಲದು. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದರೆ ಏನಾಗುತ್ತದೆಂದು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಯಾವ ಸ್ಟುಡಿಯೋದಲ್ಲೂ ಸಿಕ್ಕದು.

ಗದ್ವಾಲಿಗೆ ಹೋಗಬೇಕಾದರೆ ಕೃಷ್ಣೆಯನ್ನು ಮತ್ತೆ ದಾಟಬೇಕು. ದಾರಿಯಲ್ಲಿ ಜೂರಾಲ ಅಣೆಕಟ್ಟೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಅದು ಇಲ್ಲಿಗೆ ಬಂದೇ ಬರುತ್ತದೆ. ಮಳೆಗಾಲದಲ್ಲಿ ಅದೇ ಕ್ಯುಸೆಕ್ ಲೆಕ್ಕ ರಾಯಚೂರಿನ ಪತ್ರಿಕೆಗೂ ಸುದ್ದಿ, ಗದ್ವಾಲಿನ ಪತ್ರಿಕೆಗೂ ಸುದ್ದಿ. ಎರಡೂ ದಡದ ರೈತರನ್ನು ಮಾತಾಡಿಸಿದ ವರದಿಗಾರ ಮಾತ್ರ ಅಪರೂಪ.

ಗದ್ವಾಲ ಊರ ನಡುವೆ ಹಿಂದಿನ ಅರಸ ಸೋಮನಾದ್ರಿಯ ಕೋಟೆ. ಅದರ ಸುತ್ತಿನ ಕೇರಿಗಳಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ನೇಯುವಾಗಲೇ ಕೊಂಡಿಹಾಕಿ ಕೂಡಿಸುತ್ತಾರೆ. ಅದಕ್ಕೆ ಮೂರು ಲಾಳಿ ಬೇಕು. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯವೇ ಆಗಿದ್ದವು ಎಂಬುದು ಇಂದಿನ ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು?

ಈ ಸೀಮೆ ಪತ್ರಿಕೋದ್ಯಮಕ್ಕೆ ಹೊಸದೇನಲ್ಲ. ಗದ್ವಾಲ ಸೀಮೆಯ ಇಟಿಕ್ಯಾಲಪಾಡಿನ ಸುರವರಂ ಪ್ರತಾಪರೆಡ್ಡಿ 1926ರಲ್ಲಿ ‘ಗೋಲ್ಕೊಂಡ ಪತ್ರಿಕೆ’ ಆರಂಭಿಸಿದರು. ತೆಲಂಗಾಣದಲ್ಲಿ ಕವಿಗಳೇ ಇಲ್ಲ ಎಂದು ಯಾರೋ ಹಂಗಿಸಿದ್ದಕ್ಕೆ ಸಂಪಾದಕೀಯದ ಬೈಗುಳದಿಂದ ಉತ್ತರಿಸಲಿಲ್ಲ. ಊರೂರಿನಿಂದ ಕವಿತೆ ತರಿಸಿ, 354 ಕವಿಗಳ ಸಂಚಿಕೆಯನ್ನೇ 1934ರಲ್ಲಿ ಅಚ್ಚು ಹಾಕಿದರು. ವರದಿಗಾರಿಕೆ ಎಂದರೆ ನನ್ನ ಮಟ್ಟಿಗೆ ಇದೇ.

ರಾಯಚೂರು, ಕಲಬುರಗಿ, ಮಹಬೂಬ್‌ನಗರದ ವಿಭಾಗಗಳ ಅಧ್ಯಾಪಕರೇ, ಈ ಸಲ ಇಂಟರ್ನ್‌ಶಿಪ್ ಪತ್ರಕ್ಕೆ ಸಹಿ ಹಾಕುವಾಗ ಮಹಾನಗರದ ವಿಳಾಸದ ಜೊತೆ ಮಕ್ತಲ್‌ನ ಹೆಸರನ್ನೂ ಬರೆಯಿರಿ. ಮಕ್ಕಳಿಗೆ ಬಸ್ ಚಾರ್ಜು ಕೊಟ್ಟು ಕಳಿಸಿ.